ಕೆಲಸ ಮಾಗಡಿಯಲ್ಲಿ ಸಿಕ್ಕಿದೆ, ಮನೆ ಎಲ್ಲಿ ಮಾಡೋಣ?

ನೇಮಕಾತಿ ಆದೇಶದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಅಥವಾ ಮಾಗಡಿ ಎಂದು ಕಂಡ ಕೂಡಲೇ ಮನೆಯವರು ಹೇಳುವ ಮೊದಲ ಮಾತು ಒಂದೇ: ‘ಬೆಂಗಳೂರಿಗೆ ಹತ್ತಿರ ತಾನೆ, ಅಲ್ಲೇ ಮನೆ ಮಾಡಿಕೊಂಡು ಓಡಾಡು.’ ಪ್ರೌಢಶಾಲೆಗೆ ಬರುವ ಶಿಕ್ಷಕಿ, ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿ, ಗ್ರಾಮ ಆಡಳಿತ ಅಧಿಕಾರಿ, ಬ್ಯಾಂಕಿನ ಹೊಸ ಗುಮಾಸ್ತ, ಬಿಡದಿ ಅಥವಾ ಹಾರೋಹಳ್ಳಿಯ ಕಾರ್ಖಾನೆಗೆ ಸೇರುವ ಡಿಪ್ಲೊಮಾ ಹುಡುಗ, ಎಲ್ಲರಿಗೂ ಸಿಗುವ ಸಲಹೆ ಇದೇ. ನಾನು ಕೊಡುವ ಸಲಹೆ ಇದಕ್ಕೆ ವಿರುದ್ಧವಾದದ್ದು. ಕಡೇ ಪಕ್ಷ ಮೊದಲ ಒಂದು ವರ್ಷ ಕೆಲಸದ ಊರಿನಲ್ಲೇ ಮನೆ ಮಾಡಿ. ಐವತ್ತು ಅರವತ್ತು ಕಿಲೋಮೀಟರ್ ದೂರವನ್ನು ದಿನಕ್ಕೆರಡು ಸಲ ಸವೆಸುವವರಿಗೆ ಊರಿನ ಪರಿಚಯವೂ ಆಗುವುದಿಲ್ಲ, ಕೆಲಸದ ಮೇಲೆ ಹಿಡಿತವೂ ಬರುವುದಿಲ್ಲ. ಸಂಜೆ ಐದೂವರೆಯ ಬಸ್ಸಿನ ಮೇಲೆ ಕಣ್ಣಿಟ್ಟವರನ್ನು ಊರಿನವರೂ ತಮ್ಮವರೆಂದು ಎಣಿಸುವುದಿಲ್ಲ. ಸರ್ಕಾರಿ ನೌಕರರಿಗಂತೂ ಕೇಂದ್ರಸ್ಥಾನದಲ್ಲಿ ವಾಸವಿರಬೇಕೆಂಬ ನಿಯಮವೇ ಇದೆ.

ಹಾಗೆ ನೆಲೆಯೂರಲು ಹೊರಟವರು ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಮುಂದಿದೆ.

ಮೊದಲು ನಕ್ಷೆ ನೋಡಿ

ಈ ನಾಲ್ಕೂ ಊರು ಒಂದೇ ಜಿಲ್ಲೆಗೆ ಸೇರಿದ್ದರೂ ಒಂದೇ ರಸ್ತೆಯಲ್ಲಿಲ್ಲ. ರಾಮನಗರ, ಚನ್ನಪಟ್ಟಣ ಮೈಸೂರು ರಸ್ತೆಯಲ್ಲಿವೆ, ಒಂದಕ್ಕೊಂದು ಸುಮಾರು ಹನ್ನೆರಡು ಕಿಲೋಮೀಟರ್ ದೂರ. ಕನಕಪುರಕ್ಕೆ ಬೆಂಗಳೂರಿನಿಂದ ಬೇರೆ ರಸ್ತೆ, ಮಾಗಡಿಗೆ ಮತ್ತೊಂದು. ಮೂರೂ ದಾರಿಗಳು ಬೆಂಗಳೂರಿನಿಂದ ಕವಲೊಡೆದು ಹೋಗುತ್ತವೆ. ಆದ್ದರಿಂದ ಬೆಂಗಳೂರಿಗೆ ಬಸ್ಸು ಸಿಗುವಷ್ಟು ಸುಲಭವಾಗಿ ಮಾಗಡಿಯಿಂದ ರಾಮನಗರಕ್ಕೋ ಕನಕಪುರಕ್ಕೋ ಸಿಗುವುದಿಲ್ಲ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಆಸ್ಪತ್ರೆ ಎಲ್ಲವೂ ರಾಮನಗರದಲ್ಲಿವೆ. ಮಾಗಡಿ ಅಥವಾ ಕನಕಪುರದ ನೌಕರರು ಜಿಲ್ಲಾ ಕಚೇರಿಯ ಕೆಲಸಕ್ಕೆ ಒಂದು ಪೂರ್ತಿ ದಿನ ಎತ್ತಿಡಬೇಕು.

ಹೆಸರಿನ ವಿಚಾರವೂ ಇದೆ. ಬೆಂಗಳೂರು ಗ್ರಾಮಾಂತರದಿಂದ 2007ರಲ್ಲಿ ಬೇರೆಯಾದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಬೆಂಗಳೂರು ನಗರ ಜಿಲ್ಲೆಯಲ್ಲೂ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಇರುವುದರಿಂದ ಅಂಚೆಯೂ ಕೊರಿಯರೂ ದಾರಿ ತಪ್ಪುವ ಸಂಭವವಿದೆ. ವಿಳಾಸದಲ್ಲಿ ತಾಲ್ಲೂಕಿನ ಹೆಸರನ್ನು ಬಿಡದೆ ಬರೆಯಿರಿ, ಪಿನ್‌ಕೋಡ್ ಸರಿಯಾಗಿ ಹಾಕಿ: ರಾಮನಗರ 562159, ಚನ್ನಪಟ್ಟಣ 562160, ಕನಕಪುರ 562117, ಮಾಗಡಿ 562120.

ವರದಿ ಮಾಡಿಕೊಳ್ಳುವ ದಿನ

ಸರ್ಕಾರಿ ಕೆಲಸಕ್ಕೆ ಸೇರುವವರು ಆದೇಶದಲ್ಲಿ ಕೇಳಿರುವ ಪ್ರತಿ ಕಾಗದದ ಮೂಲ ಪ್ರತಿಯನ್ನೂ ಮೂರು ನಾಲ್ಕು ದೃಢೀಕೃತ ನಕಲುಗಳನ್ನೂ ಒಂದೇ ಫೈಲಿನಲ್ಲಿಟ್ಟುಕೊಂಡು ಬೆಳಿಗ್ಗೆಯೇ ಹೋಗಿ. ಪೂರ್ವಾಹ್ನ ವರದಿ ಮಾಡಿಕೊಂಡಿರೋ ಅಪರಾಹ್ನವೋ ಎಂಬುದು ಸೇವಾ ಪುಸ್ತಕದಲ್ಲಿ ದಾಖಲಾಗುತ್ತದೆ. ಕಾರ್ಯಭಾರ ವರದಿಗೆ ಮೇಲಧಿಕಾರಿಯ ಸಹಿ ಬಿದ್ದ ಪ್ರತಿಯೊಂದನ್ನು ಅಂದೇ ಕೇಳಿ ಪಡೆದುಕೊಳ್ಳಿ. ವರ್ಗಾವಣೆಯಾಗಿ ಬಂದವರು ಹಳೆಯ ಕಚೇರಿಯಿಂದ ಕೊನೆಯ ವೇತನ ಪತ್ರ ಮತ್ತು ಸೇವಾ ಪುಸ್ತಕ ಹೊರಟಿವೆಯೇ ಎಂದು ಬೆನ್ನುಹತ್ತಬೇಕು. ಅವು ತಾವಾಗಿ ಬರುತ್ತವೆಂದು ಕೂತವರ ಸಂಬಳ ತಡವಾಗುತ್ತದೆ.

ಹೊಸಬರ ಮೊದಲ ಸಂಬಳ ಮೊದಲ ತಿಂಗಳ ಕೊನೆಗೇ ಕೈಸೇರುತ್ತದೆಂದು ಲೆಕ್ಕ ಹಾಕಬೇಡಿ. ಪ್ರಮಾಣಪತ್ರಗಳ ಪರಿಶೀಲನೆ, ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಸೇರ್ಪಡೆ, ಪಿಂಚಣಿ ಸಂಖ್ಯೆ, ಕೆಜಿಐಡಿ ವಿಮೆ, ಇವೆಲ್ಲ ಒಂದರ ಹಿಂದೆ ಒಂದು ಆಗಬೇಕು. ಮುಂಗಡ, ಬಾಡಿಗೆ, ಅಡುಗೆ ಸಾಮಾನಿನ ಖರ್ಚಲ್ಲದೆ ಎರಡು ಮೂರು ತಿಂಗಳ ಊಟಕ್ಕಾಗುವಷ್ಟು ಹಣ ಕೈಯಲ್ಲಿರಲಿ. ಸಂಬಳದ ಬಿಲ್ಲು ಮಾಡುವ ಗುಮಾಸ್ತರ ಹತ್ತಿರ ಮೊದಲ ವಾರವೇ ಹೋಗಿ ‘ನನ್ನಿಂದ ಇನ್ನೇನು ಕಾಗದ ಬೇಕು ಸರ್?’ ಎಂದು ಕೇಳಿ. ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಯನ್ನು ನೋಡಿ ನಿಗದಿಯಾಗುತ್ತದೆ. ಈ ಊರುಗಳಲ್ಲಿ ಅದು ಬೆಂಗಳೂರಿಗಿಂತ ಸಾಕಷ್ಟು ಕಡಿಮೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಾರ್ಖಾನೆಗೆ ಸೇರುವವರು ನೇಮಕಾತಿ ಪತ್ರ ಕೊಟ್ಟವರು ಕಂಪನಿಯವರೋ ಗುತ್ತಿಗೆದಾರರೋ ಎಂಬುದನ್ನು ಸಹಿ ಹಾಕುವ ಮುಂಚೆ ನೋಡಿಕೊಳ್ಳಿ. ಭವಿಷ್ಯ ನಿಧಿಗೆ ಹಳೆಯ ಯುಎಎನ್ ಸಂಖ್ಯೆಯಿದ್ದರೆ ಅದನ್ನೇ ಕೊಡಿ, ಹೊಸದೊಂದನ್ನು ಮಾಡಿಸಬೇಡಿ. ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ಇಎಸ್‌ಐ ಚಿಕಿತ್ಸಾಲಯ ಹೊಸ ಮನೆಗೆ ಹತ್ತಿರದ್ದಾಗಿರಲಿ. ಮನೆ ಹುಡುಕುವ ಮೊದಲು ಕಂಪನಿಯ ಬಸ್ಸು ಯಾವ ದಾರಿಯಲ್ಲಿ ಬರುತ್ತದೆ, ರಾತ್ರಿ ಪಾಳಿಗೆ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿ.

ಮನೆ: ಆತುರ ಬೇಡ

ಮೊದಲ ಹದಿನೈದು ದಿನ ಪಿಜಿಯಲ್ಲೋ ಸಹೋದ್ಯೋಗಿಯ ಕೋಣೆಯಲ್ಲೋ ಇದ್ದುಕೊಂಡು ಮನೆ ಹುಡುಕುವುದು ಒಳ್ಳೆಯದು. ಈ ಊರುಗಳಲ್ಲಿ ಒಳ್ಳೆಯ ಮನೆಗಳು ಜಾಲತಾಣದ ಜಾಹೀರಾತಿಗೆ ಬರುವುದು ಕಡಿಮೆ. ಕಚೇರಿಯ ಡಿ ದರ್ಜೆ ನೌಕರರು, ಶಾಲೆಯ ಬಿಸಿಯೂಟದ ಅಕ್ಕಂದಿರು, ಹಾಲಿನ ಬೂತಿನವರು, ದಿನಸಿ ಅಂಗಡಿಯವರು, ಇವರಲ್ಲಿ ಹೇಳಿಡಿ. ‘ಹೊಸ ಮೇಡಮ್ಮೋರು ಮನೆ ನೋಡ್ತಾವ್ರೆ’ ಎಂಬ ಸುದ್ದಿ ಎರಡು ದಿನದಲ್ಲಿ ಹತ್ತು ಮನೆ ಮುಟ್ಟುತ್ತದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮನೆ ಬದಲಿಸುವವರು ಕಡಿಮೆ. ನಿಮಗೆ ಆ ನಂಬಿಕೆಯ ತೊಡಕಿಲ್ಲದಿದ್ದರೆ ಆಯ್ಕೆಯೂ ಚೌಕಾಸಿಯೂ ಸುಲಭವಾಗುವುದು ಆಗಲೇ.

ಮನೆಯನ್ನು ಎರಡು ಹೊತ್ತು ನೋಡಿ. ರಾಮನಗರದಲ್ಲಿ ಇದು ಬಹಳ ಮುಖ್ಯ. ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಇರುವ ಊರಿದು. ಹೊರ ಜಿಲ್ಲೆ, ಹೊರ ರಾಜ್ಯಗಳ ರೈತರೂ ಗೂಡು ತರುತ್ತಾರೆ. ಗೂಡು ಕೊಂಡವರು ನೂಲು ಬಿಚ್ಚುವ ಘಟಕಗಳು ಹಲವು ಬಡಾವಣೆಗಳಲ್ಲಿ ಮನೆಗಳ ನಡುವೆಯೇ ಇವೆ. ಗೂಡು ಬೇಯಿಸುವ ಬಾಯ್ಲರಿನ ಹೊಗೆ, ಬೆಂದ ಹುಳುವಿನ ವಾಸನೆ ಬೆಳಿಗ್ಗೆ ತಿಳಿಯುತ್ತದೆಯೇ ಹೊರತು ಭಾನುವಾರ ಸಂಜೆ ಮನೆ ನೋಡಲು ಹೋದಾಗ ತಿಳಿಯುವುದಿಲ್ಲ. ಅಭ್ಯಾಸವಿಲ್ಲದವರಿಗೆ, ಆಸ್ತಮಾ ಇರುವವರಿಗೆ ಅಂಥ ಘಟಕದ ಪಕ್ಕದ ಮನೆ ಕಷ್ಟ. ಹಾಗೆಂದು ಆ ಕೆಲಸದ ಬಗ್ಗೆ ಮೂಗು ಮುರಿಯಬೇಡಿ. ಸಾವಿರಾರು ಮನೆಗಳ ಒಲೆ ಉರಿಯುವುದು ಅದರಿಂದಲೇ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮನೆಗಳ ಹತ್ತಿರ ಪಟ್ಟಡಿ ಯಂತ್ರದ ಸದ್ದು ಹಗಲೆಲ್ಲ ಇರುತ್ತದೆ. ಆಲೆಮರದ ಹಸಿ ಕಟ್ಟಿಗೆಯ ವಾಸನೆ, ಅರಗಿನ ಬಣ್ಣ ಮರಕ್ಕೆ ಮೆತ್ತಿಕೊಳ್ಳುವುದನ್ನು ನೋಡುವ ಸಂತೋಷ ಆ ಸದ್ದಿಗೆ ಸಾಟಿಯಾಗುತ್ತದೆ ಎಂದು ನನಗನ್ನಿಸುತ್ತದೆ. ಪಾಳಿ ಕೆಲಸ ಮುಗಿಸಿ ಹಗಲು ಮಲಗುವವರ ಮಾತು ಬೇರೆ.

ಮಳೆಯ ವಿಚಾರಕ್ಕೆ ಬಂದರೆ, 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ ಕಂಡದ್ದನ್ನು ಅಲ್ಲಿನವರು ಮರೆತಿಲ್ಲ. ಕೆರೆಗಳು ತುಂಬಿ ಹರಿದವು, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು, ಹೆದ್ದಾರಿಯೇ ಹಳ್ಳವಾಯಿತು. ಆದ್ದರಿಂದ ಅರ್ಕಾವತಿ ದಂಡೆ, ರಾಜಕಾಲುವೆ, ಕೆರೆಯ ಕೆಳಗಿನ ಮನೆಗಳ ಬಗ್ಗೆ ಮಾಲೀಕರನ್ನಷ್ಟೇ ಅಲ್ಲ, ಎದುರು ಮನೆಯವರನ್ನೂ ಕೇಳಿ: ‘ಆ ಸಲದ ಮಳೆಗೆ ಇಲ್ಲಿಗೆ ನೀರು ಬಂದಿತ್ತಾ ಅಣ್ಣ?’

ನೀರಿನ ಬಗ್ಗೆ ಮೂರು ಪ್ರಶ್ನೆ ಕೇಳಬೇಕು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ? ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗಳಿಗೆ ಅದೊಂದೇ? ನಲ್ಲಿ ನೀರು ನಿಂತಾಗ ಬೋರ್ ಇದೆಯೇ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು? ಅರ್ಕಾವತಿ ಹರಿಯುವ ಊರಲ್ಲಿ ಇಷ್ಟೆಲ್ಲ ಕೇಳಬೇಕಾಗಿರುವುದು ದುಃಖದ ವಿಷಯ. ಬೆಂಗಳೂರಿಗೆ ನೀರು ಕೊಡಲೆಂದು 1930ರ ದಶಕದಲ್ಲಿ ಈ ನದಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಮಾಗಡಿ ತಾಲ್ಲೂಕಿನಲ್ಲೇ ಇದೆ. ಅದೇ ಬೆಂಗಳೂರಿನ ಕೊಳಕು ವೃಷಭಾವತಿಯ ಮೂಲಕ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಸೇರುತ್ತಿದೆ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ಕ್ಯಾನು ತರುವವರೇ ಹೆಚ್ಚು. ಘಟಕ ಎಷ್ಟು ದೂರವಿದೆ ಎಂದೂ ನೋಡಿ.

ಬಾಡಿಗೆಯೋ ಭೋಗ್ಯವೋ

ಬಾಡಿಗೆಯಾದರೆ ಹನ್ನೊಂದು ತಿಂಗಳ ಕರಾರು ಬರೆಸುವುದು ವಾಡಿಕೆ. ಮುಂಗಡ ಎಷ್ಟು, ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡಲು ಎಷ್ಟು ತಿಂಗಳ ಮುಂಚೆ ಹೇಳಬೇಕು ಎಂಬುದು ಬರಹದಲ್ಲಿರಲಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ.

ಭೋಗ್ಯದ ಮನೆಗಳೂ ಇಲ್ಲಿ ಬಹಳ. ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣ ವಾಪಸು ಪಡೆಯುವ ಪದ್ಧತಿ ಇದು. ಕೂಡಿಟ್ಟ ಹಣವಿದ್ದವರಿಗೆ ಆಕರ್ಷಕವಾಗಿ ಕಂಡರೂ ಅಪಾಯ ಇರುವುದು ಇಲ್ಲೇ. ಮಾಲೀಕರು ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೇ ಹೋದರೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು, ನಿಮ್ಮ ಹಣ ನಡುವೆ ಸಿಕ್ಕಿಕೊಳ್ಳುತ್ತದೆ. ಹಣ ಕೊಡುವ ಮುನ್ನ ಇ-ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ, ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ‘ನಂಬಿಕೆ ಇಲ್ವಾ?’ ಎಂದು ಮಾಲೀಕರು ಬೇಸರ ಮಾಡಿಕೊಂಡರೂ ನೋಂದಣಿ ಬಿಡಬೇಡಿ. ಹೊಸದಾಗಿ ಬಂದವರಿಗೆ ಮೊದಲ ವರ್ಷ ಬಾಡಿಗೆಯೇ ಸರಿ ಎಂದು ನಾನು ಹೇಳುವೆ.

ಒಂದು ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆ ಈ ಊರುಗಳಲ್ಲೂ ಬರುತ್ತದೆ. ಜಾತಿ ಕೇಳಿ, ಧರ್ಮ ನೋಡಿ, ಒಬ್ಬಂಟಿ ಹೆಣ್ಣುಮಗಳೆಂದು ಮನೆ ನಿರಾಕರಿಸುವುದು ಅನ್ಯಾಯ. ಅದನ್ನು ಎದುರಿಸಬೇಕಾಗಿ ಬಂದವರು ತಮ್ಮಲ್ಲೇನೋ ಕೊರತೆಯಿದೆ ಎಂದು ಕುಗ್ಗಬಾರದು. ಸಹೋದ್ಯೋಗಿಗಳ ಹೊಣೆ ಇಲ್ಲಿ ದೊಡ್ಡದು. ಹಿರಿಯ ಮೇಷ್ಟ್ರೊಬ್ಬರೋ ಕಚೇರಿಯ ವ್ಯವಸ್ಥಾಪಕರೋ ಜೊತೆಗೆ ಬಂದು ‘ಇವರು ನಮ್ಮವರು’ ಎಂದರೆ ತೆರೆಯದ ಬಾಗಿಲೂ ತೆರೆಯುತ್ತದೆ. ನಿಮ್ಮ ಕಚೇರಿಗೆ ಹೊಸಬರು ಬಂದಿದ್ದರೆ ಆ ಕೆಲಸ ನೀವೇ ಮಾಡಿ.

ಹಾಲುಕ್ಕಿಸಿದ ಮೇಲೆ

ಮನೆಯಲ್ಲಿ ಹಾಲುಕ್ಕಿಸಿದ ವಾರವೇ ಕಾಗದಪತ್ರದ ಕೆಲಸಕ್ಕೆ ಕೈಹಾಕಿ. ಬಾಡಿಗೆ ಕರಾರಿನ ಪ್ರತಿಯಿಂದ ಆಧಾರ್ ವಿಳಾಸ ಬದಲಿಸಿ, ಉಳಿದವು ಅದರ ಹಿಂದೆ ಬರುತ್ತವೆ. ಮತದಾರರ ಪಟ್ಟಿಗೆ ನಮೂನೆ 8. ಗ್ಯಾಸ್ ಸಂಪರ್ಕ ಬೇರೆ ಊರಿನದಾದರೆ ಸಿಲಿಂಡರ್, ರೆಗ್ಯುಲೇಟರ್ ಹಿಂದಿರುಗಿಸಿ ವರ್ಗಾವಣೆ ಚೀಟಿ ತನ್ನಿ. ವಿದ್ಯುತ್ ಬೆಸ್ಕಾಂನದು, ದೂರಿಗೆ 1912. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಪಡೆಯುತ್ತಿದ್ದವರು ಹಳೆಯ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ಆಧಾರ್ ಬಿಡಿಸದೆ ಹೊಸ ಮನೆಗೆ ಅರ್ಜಿ ಹಾಕಲಾಗದು. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸಿದ್ದಾರೆಯೇ ಎಂದೂ ಮಾಲೀಕರನ್ನು ಕೇಳಿ. ಮಕ್ಕಳಿದ್ದರೆ ವರ್ಗಾವಣೆ ಪತ್ರದ ಜೊತೆ ವಿದ್ಯಾರ್ಥಿ ಗುರುತಿನ ಎಸ್‌ಎಟಿಎಸ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಶಾಲೆಯವರು ಮೊದಲು ಕೇಳುವುದು ಅದನ್ನೇ. ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ಇರುವುದು ನಗರಸಭೆ, ಮಾಗಡಿಯಲ್ಲಿ ಪುರಸಭೆ. ಕಸ, ನೀರು, ಬೀದಿದೀಪದ ದೂರು ಅಲ್ಲಿಗೆ.

ಓಡಾಟ: ‘ಬೈಪಾಸಾ, ಊರೊಳಗಾ?’

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ. ಮೈಸೂರಿನ ಹಲವು ಬಸ್ಸುಗಳು ಈಗ ಊರೊಳಗೆ ಬರುವುದಿಲ್ಲ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ, ಇಲ್ಲವಾದರೆ ರಾತ್ರಿ ಹೊತ್ತು ಬೈಪಾಸಿನ ಬದಿಯಲ್ಲಿ ಇಳಿದು ಆಟೊ ಹುಡುಕಬೇಕಾದೀತು. ಬೈಕು, ಸ್ಕೂಟರು, ಆಟೊಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಾರಿನವರು ಟೋಲ್ ಖರ್ಚನ್ನು ತಿಂಗಳ ಲೆಕ್ಕಕ್ಕೆ ಸೇರಿಸಿ ನೋಡಿದರೆ ಊರಲ್ಲೇ ಮನೆ ಮಾಡುವುದು ಅಗ್ಗ ಎಂಬುದು ತಾನೇ ಗೊತ್ತಾಗುತ್ತದೆ.

ರಾಮನಗರ, ಚನ್ನಪಟ್ಟಣದವರಿಗೆ ಜೋಡಿ ಹಳಿಯ ರೈಲು ಮಾರ್ಗ ದೊಡ್ಡ ವರ. ವಾರಾಂತ್ಯಕ್ಕೆ ಬೆಂಗಳೂರಿಗೋ ಮೈಸೂರಿಗೋ ಹೋಗಿ ಬರಲು ಮೆಮು ರೈಲು ಅಗ್ಗದ ದಾರಿ, ದಿನವೂ ಓಡಾಡುವವರಿಗೆ ಮಾಸಿಕ ಪಾಸಿದೆ. ಕನಕಪುರ, ಮಾಗಡಿಗೆ ರೈಲಿಲ್ಲ. ಕನಕಪುರದವರು ಬೆಂಗಳೂರಿನ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹಿಡಿಯಬಹುದು. ಮಹಿಳೆಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿದೆ, ಗುರುತಿನ ಚೀಟಿ ಕೈಯಲ್ಲಿರಲಿ.

ಹಳ್ಳಿಗೆ ನೇಮಕವಾದವರು ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡುವುದೋ ಹೋಬಳಿಯಲ್ಲೋ ಎಂದು ತೀರ್ಮಾನಿಸುವ ಮುಂಚೆ ಕೊನೆಯ ಬಸ್ಸಿನ ಹೊತ್ತು ತಿಳಿದುಕೊಳ್ಳಿ. ಕನಕಪುರದ ಸಾತನೂರು, ಕೋಡಿಹಳ್ಳಿ ಕಡೆ, ಚನ್ನಪಟ್ಟಣದ ಕಾಡಂಚಿನ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಬೈಕಿನಲ್ಲಿ ಒಬ್ಬರೇ ಹೋಗುವುದು ಬೇಡ. ಆನೆಗಳು ಮೇವಿಗೆ ಇಳಿಯುವುದು ಆಗಲೇ. ದಾರಿಯಲ್ಲಿ ಆನೆ ಕಂಡರೆ ದೀಪ ಮಿನುಗಿಸಬೇಡಿ, ಹಾರ್ನ್ ಮಾಡಬೇಡಿ, ದೂರದಲ್ಲೇ ನಿಂತು ಹಿಂದಕ್ಕೆ ಸರಿಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ರಾಮನಗರದ ಬೆಟ್ಟಗಳ ಸುತ್ತ ಕರಡಿ, ಚಿರತೆಗಳೂ ಇವೆ. ರಜೆಯಲ್ಲಿ ಗೆಳೆಯರೊಡನೆ ಸಂಗಮ, ಮೇಕೆದಾಟು, ಮಂಚನಬೆಲೆ ನೋಡಲು ಹೋಗುವ ಹುಡುಗರಿಗೆ ಕೈಮುಗಿದು ಹೇಳುವುದಿಷ್ಟು: ದಡದಲ್ಲಿ ನಿಂತು ನೋಡಿ, ನೀರಿಗಿಳಿಯಬೇಡಿ.

ಊರಿನ ಲಯ

ಕೆಲಸ ಹಿಡಿತಕ್ಕೆ ಬರುವುದು ಊರಿನ ಲಯ ತಿಳಿದ ಮೇಲೆಯೇ. ರೇಷ್ಮೆ ಹುಳು ಮೇಯಿಸುವ ಮನೆಯವರಿಗೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಮೇಲಿನ ವಾರ ಹಗಲು ರಾತ್ರಿ ಒಂದೇ. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಹುಳು ಹಣ್ಣಾದ ಕೂಡಲೇ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ಮಕ್ಕಳು ಶಾಲೆ ತಪ್ಪಿಸಿದರೆ ಮೇಷ್ಟ್ರು ಗದರಿಸುವ ಮೊದಲು ಮನೆಗೆ ಹೋಗಿ ನೋಡಬೇಕು. ಸಾಲದ ಕಂತು ಕೇಳಲು ಹೋಗುವ ಬ್ಯಾಂಕಿನವರು ಗೂಡು ಮಾರುಕಟ್ಟೆಗೆ ಹೋದ ಮೇಲೆ ಹೋದರೆ ಕೆಲಸವಾಗುತ್ತದೆ. ಹುಳುಮನೆಗೆ ಕರೆಯದೆ ಕಾಲಿಡಬೇಡಿ, ಹೊರಗಿನವರ ಕೈಕಾಲಿನಿಂದ ರೋಗ ಬರುತ್ತದೆ. ಮಾಲೀಕರು ಹುಳು ಸಾಕುವವರಾದರೆ ಬಾಡಿಗೆ ಮನೆಯಲ್ಲಿ ಸೊಳ್ಳೆ ಬತ್ತಿ, ತಿಗಣೆ ಔಷಧ ಬಳಸುವ ಮುಂಚೆ ಅವರನ್ನು ಕೇಳಿ. ಅದರ ಹೊಗೆಗೆ ಒಂದು ಇಡೀ ಬೆಳೆ ಹಾಳಾಗಬಹುದು.

ಬೇಸಗೆಯಲ್ಲಿ ಮಾವು. ಬಾದಾಮಿ, ರಸಪುರಿ, ಸೇಂದೂರ ತೋಟಗಳ ಕೊಯ್ಲು ಇದ್ದಾಗ ಊರಿಗೆ ಊರೇ ತೋಟದಲ್ಲಿರುತ್ತದೆ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಅಂದು ಸಭೆ ತರಬೇತಿ ಇಟ್ಟುಕೊಂಡರೆ ಯಾರೂ ಬರುವುದಿಲ್ಲ. ಪಿತೃಪಕ್ಷದ ಎಡೆ, ಊರ ಮಾರಿಹಬ್ಬ, ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗ, ಇವಕ್ಕೆ ಕರೆ ಬಂದರೆ ಹೋಗಿ. ಮಾಂಸ ತಿನ್ನದವರಾದರೆ ಮೊದಲೇ ಹೇಳಿದರೆ ಸಾಕು, ಬೇರೆ ಮಾಡಿ ಬಡಿಸುತ್ತಾರೆ. ಉತ್ತರ ಕರ್ನಾಟಕದಿಂದ ಬಂದವರಿಗೆ ಜೋಳದ ರೊಟ್ಟಿ ನೆನಪಾಗುತ್ತದೆ, ಬಸ್ಸಾರು ಮುದ್ದೆಗೆ ನಾಲಿಗೆ ಹೊಂದಲು ತಿಂಗಳು ಹಿಡಿದೀತು. ಮುದ್ದೆಯನ್ನು ಅಗಿಯಬೇಡಿ, ಮುರಿದು ಸಾರಲ್ಲಿ ಅದ್ದಿ ನುಂಗಿ.

ಸಂಜೆಗಳು ಉದ್ದವೆನ್ನಿಸುವ ಮೊದಲ ತಿಂಗಳುಗಳಿಗೆ ಒಂದಿಷ್ಟು ದಾರಿಗಳಿವೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ನೀವು ಸೇವೆ ಮಾಡಲು ಬಂದ ಸೀಮೆಯ ಜನ ಹೇಗೆ ಉಂಡರು, ಉತ್ತರು, ಹಾಡಿದರು ಎಂಬುದು ಅಲ್ಲಿನ ಮಡಕೆ, ಕುಕ್ಕೆ, ನೇಗಿಲು, ವಾದ್ಯಗಳಲ್ಲಿದೆ. ಮಾಗಡಿಯವರಿಗೆ ಸಾವನದುರ್ಗವೂ ರಂಗನಾಥಸ್ವಾಮಿ ಗುಡಿಯೂ ಇವೆ, ಚನ್ನಪಟ್ಟಣದವರಿಗೆ ಮಳೂರಿನ ಅಪ್ರಮೇಯ, ಅಂಬೆಗಾಲು ಕೃಷ್ಣ. ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅಲ್ಲಿ ಸಿಗುತ್ತಾರೆ, ನಿಮ್ಮ ನೇಮಕಾತಿಯ ಅನುಭವ ಅವರಿಗೆ ಬೇಕು.

ಆರು ತಿಂಗಳು ಕಳೆದ ಮೇಲೆ ಕೂತು ಮತ್ತೊಮ್ಮೆ ಲೆಕ್ಕ ಹಾಕಿ. ಮನೆ ಒಗ್ಗಿದೆಯೇ, ನೀರು ಸಾಲುತ್ತಿದೆಯೇ, ಮಕ್ಕಳ ಶಾಲೆ ಸರಿಯಿದೆಯೇ, ಪ್ರೊಬೇಷನ್ ಮುಗಿಯುವ ಮುನ್ನ ಬರೆಯಬೇಕಾದ ಇಲಾಖಾ ಪರೀಕ್ಷೆಗೆ ಅರ್ಜಿ ಹಾಕಿದ್ದೀರಾ? ಬಡಾವಣೆ ಬದಲಿಸಬೇಕೆನ್ನಿಸಿದರೆ ಹನ್ನೊಂದನೇ ತಿಂಗಳಿಗೆ ಕರಾರು ಮುಗಿಯುವುದಕ್ಕೆ ಎರಡು ತಿಂಗಳು ಮೊದಲೇ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಮುಂಗಡ ವಾಪಸು ಬರುವ ದಿನವನ್ನು ಗೊತ್ತುಮಾಡಿಕೊಂಡ ಮೇಲೆ ಹೊಸ ಮನೆಗೆ ಹಣ ಕೊಡಿ.